ಸೊನ್ನೆಯಾದ ದಂಡ: ಆರೋಗ್ಯ ವಿಮೆಯ ನಿಯಮಕ್ಕೆ ತೆರಿಗೆ ಮಸೂದೆ ಕೈ ಹಾಕಿದಾಗ

2017ರ ಡಿಸೆಂಬರ್ 22ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ದೊಡ್ಡದೊಂದು ತೆರಿಗೆ ಕಾಯ್ದೆಗೆ ಸಹಿ ಹಾಕಿದರು. ಕಂಪನಿಗಳ ಲಾಭದ ಮೇಲಿನ ತೆರಿಗೆ ಶೇ 35ರಿಂದ ಶೇ 21ಕ್ಕೆ ಇಳಿಯಿತು. ಹೆಚ್ಚಿನ ಮಾತುಕತೆ ಅದರ ಸುತ್ತಲೇ ನಡೆಯಿತು. ಆದರೆ ಅದೇ ಕಾಯ್ದೆಯ ಒಳಗೆ 11081 ಎಂಬ ಒಂದು ಸೆಕ್ಷನ್ ಇದೆ. ಓದಲು ಅರ್ಧ ನಿಮಿಷ ಸಾಕು. ಹಳೆಯ ಕಾಯ್ದೆಯಲ್ಲಿ ‘ಶೇ 2.5’ ಎಂದು ಇದ್ದ ಕಡೆ ‘ಶೇ ಸೊನ್ನೆ’ ಎಂದು ಬರೆಯಿರಿ, ‘695 ಡಾಲರ್’ ಎಂದು ಇದ್ದ ಕಡೆ ‘0 ಡಾಲರ್’ ಎಂದು ಬರೆಯಿರಿ ಅನ್ನುತ್ತದೆ. ಅಷ್ಟೇ.

ಆ ಎರಡು ಅಂಕಿಗಳು ಒಬಾಮಾಕೇರ್ ಎಂದು ಜನ ಕರೆಯುವ 2010ರ ಆರೋಗ್ಯ ಕಾಯ್ದೆಯ ಬೆನ್ನೆಲುಬಿಗೆ ಸೇರಿದವು. ಎಲ್ಲರೂ ಆರೋಗ್ಯ ವಿಮೆ ಮಾಡಿಸಿಕೊಂಡಿರಬೇಕು, ಇಲ್ಲದಿದ್ದರೆ ತೆರಿಗೆಯ ಜೊತೆ ದಂಡ ಕಟ್ಟಬೇಕು ಎಂಬ ನಿಯಮ ಅದರಲ್ಲಿತ್ತು. ತೆರಿಗೆ ಕಾಯ್ದೆ ಆ ನಿಯಮವನ್ನು ತೆಗೆಯಲಿಲ್ಲ. ದಂಡವನ್ನು ಮಾತ್ರ ಸೊನ್ನೆ ಮಾಡಿತು.

ಆರೋಗ್ಯ ವಿಮೆಯ ಕಡ್ಡಾಯವನ್ನು ತೆರಿಗೆ ಮಸೂದೆಯ ಮೂಲಕ ಬದಲಿಸಬಹುದೇ ಎಂದು ಕೇಳಿದರೆ, ಕಾನೂನಿನ ಉತ್ತರ ಬಹುದು ಎಂದೇ. ಹಾಗೆ ಬದಲಿಸುವುದು ಸರಿಯೇ ಎಂಬುದು ಬೇರೆ ಪ್ರಶ್ನೆ. ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳಲು ಈ ಒಂದು ಪ್ರಕರಣವನ್ನು ಮೊದಲಿಂದ ನೋಡಬೇಕು.

ಕಡ್ಡಾಯ ಯಾಕೆ ಬೇಕಾಯಿತು

2014ಕ್ಕೆ ಮುಂಚೆ ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ, ಕೆಲಸದ ಕಡೆಯಿಂದ ವಿಮೆ ಸಿಗದವರು ಸ್ವಂತಕ್ಕೆ ಪಾಲಿಸಿ ಕೊಳ್ಳಲು ಹೋದರೆ ವಿಮೆ ಕಂಪನಿ ಅವರ ಕಾಯಿಲೆಗಳ ಪಟ್ಟಿ ಕೇಳುತ್ತಿತ್ತು. ಸಕ್ಕರೆ ಕಾಯಿಲೆ ಇದೆ, ಕ್ಯಾನ್ಸರ್ ಆಗಿ ವಾಸಿಯಾಗಿದೆ ಅಂದರೆ ಪಾಲಿಸಿ ಇಲ್ಲ ಅನ್ನಬಹುದಿತ್ತು. ಇಲ್ಲವೇ ಪ್ರೀಮಿಯಂ ಜಾಸ್ತಿ ಮಾಡಬಹುದಿತ್ತು. 2010ರ ಕಾಯ್ದೆ ಇದನ್ನು ನಿಲ್ಲಿಸಿತು. ಯಾರು ಬಂದರೂ ಪಾಲಿಸಿ ಕೊಡಲೇಬೇಕು, ಕಾಯಿಲೆ ನೋಡಿ ಬೆಲೆ ಏರಿಸುವಂತಿಲ್ಲ ಎಂದಿತು.

ಇಷ್ಟನ್ನೇ ಮಾಡಿ ಬಿಟ್ಟರೆ ಒಂದು ತೊಂದರೆ ಇದೆ. ಬೆಂಕಿ ಬಿದ್ದಾಗ ಬಾವಿ ತೋಡುವುದನ್ನು ನಮ್ಮ ಗಾದೆ ದಡ್ಡತನ ಅನ್ನುತ್ತದೆ. ಆದರೆ ಕಾಯಿಲೆ ಬಂದ ಮೇಲೂ ಅದೇ ಬೆಲೆಗೆ ವಿಮೆ ಸಿಗುತ್ತದೆ ಅಂದರೆ, ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದೇ ಲಾಭ. ಗಟ್ಟಿಮುಟ್ಟಾಗಿರುವ ಇಪ್ಪತ್ತೈದರ ಹುಡುಗ ‘ಆಮೇಲೆ ನೋಡೋಣ’ ಅಂತ ಸುಮ್ನೆ ಇದ್ದುಬಿಡುತ್ತಾನೆ. ಕಾಯಿಲೆ ಇರುವವರು ಮಾತ್ರ ಪಾಲಿಸಿ ಕೊಳ್ಳುತ್ತಾರೆ. ಖರ್ಚು ಏರುತ್ತದೆ, ಪ್ರೀಮಿಯಂ ಏರುತ್ತದೆ. ಆಗ ಇನ್ನಷ್ಟು ಆರೋಗ್ಯವಂತರು ಬಿಟ್ಟು ಹೋಗುತ್ತಾರೆ.

ಇದು ನಡೆದೂ ಇದೆ. ವಾಷಿಂಗ್ಟನ್ ರಾಜ್ಯ 1993ರಲ್ಲಿ ಎಲ್ಲರಿಗೂ ವಿಮೆ ಕೊಡಬೇಕು, ಎಲ್ಲರೂ ವಿಮೆ ಮಾಡಿಸಬೇಕು ಎಂದು ಕಾನೂನು ತಂದಿತು. 1995ರಲ್ಲಿ ಎರಡನೆಯದನ್ನು ತೆಗೆದು ಮೊದಲನೆಯದನ್ನು ಉಳಿಸಿಕೊಂಡಿತು. 1999ರ ಹೊತ್ತಿಗೆ ಆ ರಾಜ್ಯದ ಬಹುತೇಕ ಕಡೆ ಒಬ್ಬ ವ್ಯಕ್ತಿ ಸ್ವಂತವಾಗಿ ಹೊಸ ಪಾಲಿಸಿ ಕೊಳ್ಳೋಣವೆಂದರೆ ಮಾರುವ ಕಂಪನಿಯೇ ಇರಲಿಲ್ಲ. ಮ್ಯಾಸಚೂಸೆಟ್ಸ್ ಇದಕ್ಕೆ ಉಲ್ಟಾ ದಾರಿ ಹಿಡಿಯಿತು. ಅಲ್ಲಿನ ಗವರ್ನರ್ ಮಿಟ್ ರಾಮ್ನಿ 2006ರಲ್ಲಿ ಕಡ್ಡಾಯ, ಸಬ್ಸಿಡಿ ಎರಡನ್ನೂ ಒಟ್ಟಿಗೆ ತಂದರು. ರಾಮ್ನಿ ರಿಪಬ್ಲಿಕನ್ ಪಕ್ಷದವರು ಎಂಬುದನ್ನು ಇಲ್ಲಿ ನೆನಪಿಡಬೇಕು. ಎಲ್ಲರೂ ವಿಮೆ ಇಟ್ಟುಕೊಳ್ಳಬೇಕು ಎಂಬ ಯೋಚನೆಯನ್ನು 1989ರಲ್ಲೇ ಮುಂದಿಟ್ಟವರಲ್ಲಿ ಬಲಪಂಥದ ಹೆರಿಟೇಜ್ ಫೌಂಡೇಶನ್ ಕೂಡ ಇತ್ತು.

ಒಬಾಮಾಕೇರ್ ನಿಂತದ್ದು ಮೂರು ಕಲ್ಲಿನ ಒಲೆಯ ಹಾಗೆ. ಯಾರಿಗೂ ವಿಮೆ ಇಲ್ಲ ಅನ್ನಬಾರದು. ಎಲ್ಲರೂ ವಿಮೆ ಇಟ್ಟುಕೊಳ್ಳಬೇಕು. ಕೊಳ್ಳಲು ಆಗದವರಿಗೆ ಸರ್ಕಾರ ಸಬ್ಸಿಡಿ ಕೊಡಬೇಕು. ದಂಡವನ್ನು ಮೆಲ್ಲಗೆ ಏರಿಸಿದರು. 2014ರಲ್ಲಿ ದೊಡ್ಡವರಿಗೆ ತಲಾ 95 ಡಾಲರ್ ಇಲ್ಲವೇ ಆದಾಯದ ಶೇ 1, ಎರಡರಲ್ಲಿ ಯಾವುದು ಜಾಸ್ತಿಯೋ ಅದು. 2015ರಲ್ಲಿ 325 ಡಾಲರ್ ಇಲ್ಲವೇ ಶೇ 2. 2016ರಿಂದ 695 ಡಾಲರ್ ಇಲ್ಲವೇ ಶೇ 2.5. ಕಟ್ಟದಿದ್ದವರ ಮೇಲೆ ಕ್ರಿಮಿನಲ್ ಕೇಸು ಹಾಕುವಂತಿರಲಿಲ್ಲ, ಆಸ್ತಿ ಜಪ್ತಿ ಮಾಡುವಂತಿರಲಿಲ್ಲ. ತೆರಿಗೆ ಇಲಾಖೆ ಮುಖ್ಯವಾಗಿ ಮಾಡಬಹುದಾಗಿದ್ದದ್ದು ಆ ಮೊತ್ತವನ್ನು ರೀಫಂಡ್‌ನಲ್ಲಿ ಹಿಡಿದುಕೊಳ್ಳುವುದು. ಕಾಗದದ ಮೇಲೆ ಕಂಡಷ್ಟು ಗಟ್ಟಿ ದಂಡ ಅದಾಗಿರಲಿಲ್ಲ.

ಹುಟ್ಟಿದ್ದೇ ತೆರಿಗೆ ಪುಸ್ತಕದಲ್ಲಿ

‘ಆರೋಗ್ಯದ ವಿಷಯವನ್ನು ತೆರಿಗೆ ಮಸೂದೆಯಲ್ಲಿ ಮುಟ್ಟಲೇಬಾರದಿತ್ತು’ ಎಂದು ನಾನು ಒಂದೇ ಮಾತಲ್ಲಿ ಹೇಳಿಬಿಟ್ಟರೆ ಅದು ಪ್ರಾಮಾಣಿಕವಾಗುವುದಿಲ್ಲ. ಈ ಕಡ್ಡಾಯ ಇರುವುದೇ ಅಮೆರಿಕದ ತೆರಿಗೆ ಸಂಹಿತೆಯಲ್ಲಿ. ಸೆಕ್ಷನ್ 5000ಎ. ವಿಮೆಯ ಸಬ್ಸಿಡಿ ಕೂಡ ತೆರಿಗೆ ವಿನಾಯಿತಿಯ ರೂಪದಲ್ಲಿ ಅದೇ ಸಂಹಿತೆಯ 36ಬಿ ಸೆಕ್ಷನ್‌ನಲ್ಲಿದೆ.

ಅಷ್ಟೇ ಅಲ್ಲ. 2009ರಲ್ಲಿ ಟಿವಿ ಸಂದರ್ಶನವೊಂದರಲ್ಲಿ ಇದು ತೆರಿಗೆ ಏರಿಕೆ ಅಲ್ಲವೇ ಎಂದು ಕೇಳಿದಾಗ ಬರಾಕ್ ಒಬಾಮಾ ಸುತರಾಂ ಒಪ್ಪಲಿಲ್ಲ. ಮೂರು ವರ್ಷ ಆದ ಮೇಲೆ, 2012ರ ಜೂನ್ 28ರಂದು, ಸುಪ್ರೀಂ ಕೋರ್ಟ್ ತೆರಿಗೆ ಎಂಬ ಅದೇ ಹೆಸರಿನಿಂದ ಕಾಯ್ದೆಯನ್ನು ಉಳಿಸಿತು. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದ ತೀರ್ಪಿನ ತಿರುಳು ಇಷ್ಟು. ವಿಮೆ ಕೊಳ್ಳಿ ಎಂದು ಜನರಿಗೆ ಆಜ್ಞೆ ಮಾಡುವ ಅಧಿಕಾರ ವ್ಯಾಪಾರ ನಿಯಂತ್ರಣದ ಹೆಸರಿನಲ್ಲಿ ಕಾಂಗ್ರೆಸ್‌ಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಇಲ್ಲ. ಆದರೆ ವಿಮೆ ಇಲ್ಲದವರ ಮೇಲೆ ತೆರಿಗೆ ಹಾಕುವ ಅಧಿಕಾರ ಇದೆ. ಐದಕ್ಕೆ ನಾಲ್ಕು ಮತ. ಇದು ತೆರಿಗೆ ಅನ್ನುವ ಒಂದೇ ಎಳೆಯ ಮೇಲೆ ಕಡ್ಡಾಯ ಉಳಿಯಿತು.

ಇನ್ನೂ ಒಂದು ಸಂಗತಿ ಇದೆ. 2010ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್‌ನ ಉಪಚುನಾವಣೆ ಸೋತು ಒಬಾಮಾ ಅವರ ಪಕ್ಷದ ಡೆಮಾಕ್ರಟರು ಮೇಲ್ಮನೆಯಾದ ಸೆನೆಟ್‌ನಲ್ಲಿ ಚರ್ಚೆ ಮುಗಿಸಲು ಬೇಕಾದ 60 ಮತಗಳ ಬಲ ಕಳೆದುಕೊಂಡರು. ಆಗ ಅವರೂ ಹಿಡಿದದ್ದು, 2017ರ ತೆರಿಗೆ ಕಾಯ್ದೆಯ ಹಾಗೆ, ಸರಳ ಬಹುಮತ ಸಾಕಾಗುವ ರಿಕನ್ಸಿಲಿಯೇಶನ್ ಎಂಬ ಬಜೆಟ್ ದಾರಿಯನ್ನೇ. ಮುಖ್ಯ ಕಾಯ್ದೆ ಸೆನೆಟ್‌ನಲ್ಲಿ 60 ಮತಗಳಿಂದ ಆಗಲೇ ಪಾಸಾಗಿತ್ತು. ಅದಕ್ಕೆ ಬೇಕಾದ ತಿದ್ದುಪಡಿಗಳು ಬಂದದ್ದು ಎರಡನೆಯ, ಬಜೆಟ್ ಮಸೂದೆಯ ಮೂಲಕ. 750 ಡಾಲರ್ ಇದ್ದ ದಂಡ 695 ಆದದ್ದು, ಶೇ 2 ಇದ್ದದ್ದು ಶೇ 2.5 ಆದದ್ದು ಆ ಎರಡನೆಯ ಮಸೂದೆಯಲ್ಲೇ. ಹಾಗಾಗಿ 2017ರಲ್ಲಿ ರಿಪಬ್ಲಿಕನ್ನರು ‘ನೀವು ತಿದ್ದಿದ ಅಂಕಿಯನ್ನೇ ನಾವೂ ತಿದ್ದುತ್ತಿದ್ದೇವೆ’ ಅನ್ನಬಹುದಿತ್ತು. ಆ ಮಾತಿನಲ್ಲಿ ತೂಕ ಇದೆ.

ವ್ಯತ್ಯಾಸ ಇರುವುದು ಇಲ್ಲಿ. 2010ರಲ್ಲಿ ಆ ಅಂಕಿಯನ್ನು ತಿದ್ದುವಾಗ ಮೂರೂ ಕಲ್ಲು ಕಣ್ಣೆದುರಿಗಿದ್ದವು. ಅದೇ ಮಸೂದೆ ಸಬ್ಸಿಡಿಯನ್ನೂ ತಿದ್ದಿತು. 2017ರಲ್ಲಿ ಒಂದೇ ಕಲ್ಲನ್ನು ಎತ್ತಿದರು. ಎತ್ತಿದ ಕಾರಣಕ್ಕೂ ಒಲೆಗೂ ಸಂಬಂಧವೇ ಇರಲಿಲ್ಲ.

ಜುಲೈಯಲ್ಲಿ ಸೋತದ್ದು ನವೆಂಬರ್‌ನಲ್ಲಿ ಬಂದದ್ದು

2017ರ ಜುಲೈ 28ರ ನಸುಕಿನಲ್ಲಿ ಸೆನೆಟ್ ಒಬಾಮಾಕೇರ್‌ನ ಕೆಲವು ಭಾಗಗಳನ್ನು ತೆಗೆಯುವ ಮಸೂದೆಯ ಮೇಲೆ ಮತ ಹಾಕಿತು. ಅದರ ಮುಖ್ಯ ಅಂಶವೇ ಈ ಕಡ್ಡಾಯವನ್ನು ಕೈಬಿಡುವುದು. ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್ ಮುಂದೆ ಬಂದು ಹೆಬ್ಬೆರಳನ್ನು ಕೆಳಗೆ ಮಾಡಿದರು. ಸೂಸನ್ ಕಾಲಿನ್ಸ್, ಲೀಸಾ ಮರ್ಕೌಸ್ಕಿ ಕೂಡ ತಮ್ಮದೇ ಪಕ್ಷದ ವಿರುದ್ಧ ಮತ ಹಾಕಿದರು. 49ಕ್ಕೆ 51. ಮಸೂದೆ ಬಿದ್ದುಹೋಯಿತು.

ನಾಲ್ಕು ತಿಂಗಳೂ ಆಗಿರಲಿಲ್ಲ. ನವೆಂಬರ್ 14ರಂದು ಸೆನೆಟ್‌ನ ಹಣಕಾಸು ಸಮಿತಿಯ ಅಧ್ಯಕ್ಷ ಆರಿನ್ ಹ್ಯಾಚ್ ತೆರಿಗೆ ಮಸೂದೆಯ ತಿದ್ದಿದ ಕರಡಿನಲ್ಲಿ ದಂಡ ಸೊನ್ನೆ ಮಾಡುವ ಅಂಶವನ್ನು ಸೇರಿಸಿದರು. ಎರಡೇ ದಿನ ಕಳೆದು, 16ರಂದು, ಸಮಿತಿ ಮಸೂದೆಯನ್ನು ಪಾಸು ಮಾಡಿತು. ಕೋಟ್ಯಂತರ ಜನರ ವಿಮೆಗೆ ಸಂಬಂಧಪಟ್ಟ ಒಂದು ನಿರ್ಧಾರಕ್ಕೆ ಎರಡು ದಿನ!

ಅಷ್ಟು ಅವಸರ ಯಾಕೆ? ಲೆಕ್ಕ ಕೂಡಬೇಕಿತ್ತು. ಆ ವರ್ಷದ ಬಜೆಟ್ ನಿರ್ಣಯದ ಪ್ರಕಾರ ತೆರಿಗೆ ಕಡಿತದಿಂದ ಹತ್ತು ವರ್ಷದಲ್ಲಿ ಆಗುವ ಕೊರತೆ ಒಂದೂವರೆ ಲಕ್ಷ ಕೋಟಿ ಡಾಲರ್ ದಾಟುವಂತಿರಲಿಲ್ಲ. ಕಡಿತ ಜಾಸ್ತಿ ಮಾಡಬೇಕೆಂದರೆ ಬೇರೆ ಎಲ್ಲಿಂದಲಾದರೂ ಹಣ ಉಳಿಸಿ ತೋರಿಸಬೇಕು. ನವೆಂಬರ್ 8ರಂದು ಕಾಂಗ್ರೆಸ್ಸಿನ ಬಜೆಟ್ ಕಚೇರಿ ಒಂದು ಅಂದಾಜು ಹೊರಗೆ ತಂದಿತ್ತು. ಕಡ್ಡಾಯವನ್ನು ತೆಗೆದರೆ ಹತ್ತು ವರ್ಷದಲ್ಲಿ ಸರ್ಕಾರಕ್ಕೆ 33,800 ಕೋಟಿ ಡಾಲರ್ ಉಳಿಯುತ್ತದೆ ಎಂದು ಅದರಲ್ಲಿತ್ತು.

ಈ ಪ್ರಕರಣದಲ್ಲಿ ನನ್ನನ್ನು ಬಹಳ ಕಾಡುವ ಅಂಕಿ ಇದು. ದಂಡ ತೆಗೆದರೆ ಸರ್ಕಾರದ ಆದಾಯ ಕಡಿಮೆ ಆಗಬೇಕಲ್ವಾ? ಹಣ ಉಳಿಯುವುದು ಹೇಗೆ? ಹೀಗೆ. ದಂಡ ಇಲ್ಲದಿದ್ದರೆ ಕೆಲವರು ವಿಮೆ ಬಿಡುತ್ತಾರೆ. ಇನ್ನು ಕೆಲವರು ವಿಚಾರಿಸಲೂ ಹೋಗುವುದಿಲ್ಲ. ವಿಚಾರಿಸಲು ಹೋಗಿದ್ದರೆ ಅವರಲ್ಲಿ ಎಷ್ಟೋ ಜನಕ್ಕೆ ಸಬ್ಸಿಡಿ ಸಿಗುತ್ತಿತ್ತು. ಬಡವರಿಗೆ ಮೆಡಿಕೇಡ್ ಎಂಬ ಸರ್ಕಾರಿ ವಿಮೆ ಸಿಗುತ್ತಿತ್ತು. ಅವರು ಬಾರದೇ ಹೋದರೆ ಆ ಹಣ ಸರ್ಕಾರದ ಹತ್ತಿರವೇ ಉಳಿಯುತ್ತದೆ. 2019ರಲ್ಲಿ 40 ಲಕ್ಷ, 2027ರ ಹೊತ್ತಿಗೆ 1.3 ಕೋಟಿ ಜನ ಹೆಚ್ಚಾಗಿ ವಿಮೆ ಇಲ್ಲದವರಾಗುತ್ತಾರೆ ಎಂದು ಅದೇ ಅಂದಾಜು ಹೇಳಿತು. ಸ್ವಂತಕ್ಕೆ ಕೊಳ್ಳುವ ಪಾಲಿಸಿಗಳ ಪ್ರೀಮಿಯಂ ಹೆಚ್ಚಿನ ವರ್ಷಗಳಲ್ಲಿ ಸುಮಾರು ಶೇ 10ರಷ್ಟು ಏರುತ್ತದೆ ಎಂದೂ ಹೇಳಿತು.

ಉಳಿತಾಯ ಎಂದು ಬರೆದ ಆ ಸಾಲಿನಲ್ಲಿ ಇದ್ದದ್ದು ಆಸ್ಪತ್ರೆಗೆ ಹೋಗದೇ ಉಳಿಯುವ ಜನ. ಆರೋಗ್ಯ ಮಸೂದೆಯಲ್ಲಿ ಈ ಅಂಕಿ ಬಂದಿದ್ದರೆ ಅದನ್ನು ನಷ್ಟದ ಕಡೆ ಬರೆಯುತ್ತಿದ್ದರು. ಎಷ್ಟು ಜನ ವಿಮೆ ಕಳೆದುಕೊಳ್ಳುತ್ತಾರೆ ಎಂಬುದೇ ಮೊದಲ ಪ್ರಶ್ನೆ ಆಗುತ್ತಿತ್ತು. ಜುಲೈಯಲ್ಲಿ ಹಾಗೇ ಆಯಿತು, ಮಸೂದೆ ಬಿತ್ತು. ತೆರಿಗೆ ಮಸೂದೆಯಲ್ಲಿ ಅದೇ ಅಂಕಿ ಬಂದಾಗ ಲಾಭದ ಕಡೆ ಕೂತಿತು. ನಾನು ತೆರಿಗೆ ಮಸೂದೆಯ ದಾರಿಯನ್ನು ಒಪ್ಪದಿರಲು ದೊಡ್ಡ ಕಾರಣ ಇದೇ.

ಅಂಕಿ ತಿದ್ದಬಹುದು, ನಿಯಮ ತಿದ್ದುವಂತಿಲ್ಲ

ನಿಯಮವನ್ನೇ ತೆಗೆಯದೆ ದಂಡವನ್ನು ಮಾತ್ರ ಯಾಕೆ ಸೊನ್ನೆ ಮಾಡಿದರು? ಸೆನೆಟ್‌ನಲ್ಲಿ ಸಾಮಾನ್ಯ ಮಸೂದೆಯ ಚರ್ಚೆ ಮುಗಿಸಲು 60 ಮತ ಬೇಕು. ರಿಕನ್ಸಿಲಿಯೇಶನ್ ಮಸೂದೆಗೆ ಸರಳ ಬಹುಮತ ಸಾಕು, ಚರ್ಚೆಗೆ 20 ಗಂಟೆಯ ಮಿತಿ. ಈ ಸುಲಭದ ದಾರಿಗೆ ಒಂದು ಬೇಲಿ ಇದೆ. ವೆಸ್ಟ್ ವರ್ಜೀನಿಯಾದ ಸೆನೆಟರ್ ರಾಬರ್ಟ್ ಬರ್ಡ್ ಹೆಸರಿನ ‘ಬರ್ಡ್ ನಿಯಮ’ ಅದು. ಸರ್ಕಾರದ ಆದಾಯ ಖರ್ಚಿಗೆ ನೇರ ಸಂಬಂಧ ಇಲ್ಲದ ವಿಷಯವನ್ನು ಇಂಥ ಮಸೂದೆಯಲ್ಲಿ ತುರುಕಬಾರದು ಅನ್ನುತ್ತದೆ. 2015ರಲ್ಲೂ ರಿಪಬ್ಲಿಕನ್ನರು ಇದೇ ದಾರಿ ಹಿಡಿದಿದ್ದರು. ಕಡ್ಡಾಯವನ್ನೇ ತೆಗೆಯುವುದು ಬೇಲಿಯ ಆಚೆ, ದಂಡವನ್ನು ಸೊನ್ನೆ ಮಾಡುವುದು ಬೇಲಿಯ ಈಚೆ ಎಂದು ಆಗಲೇ ಇತ್ಯರ್ಥವಾಗಿತ್ತು. ಆ ಮಸೂದೆಯನ್ನು 2016ರ ಜನವರಿಯಲ್ಲಿ ಒಬಾಮಾ ತಡೆದಿದ್ದರು.

ಈ ಬೇಲಿ ಎಷ್ಟು ಬಿಗಿ ಎಂದರೆ, 2017ರ ಕಾಯ್ದೆಗೆ ಇಟ್ಟಿದ್ದ ಚಿಕ್ಕ ಹೆಸರನ್ನೂ ಕೊನೆ ಗಳಿಗೆಯಲ್ಲಿ ತೆಗೆಯಬೇಕಾಯಿತು. ಹೆಸರಿನಿಂದ ಬಜೆಟ್‌ಗೆ ಏನೂ ಆಗುವುದಿಲ್ಲವಲ್ಲ! ಅದಕ್ಕಾಗಿ ಪ್ರತಿನಿಧಿ ಸಭೆ ಡಿಸೆಂಬರ್ 20ರಂದು ಎರಡನೇ ಸಲ ಮತ ಹಾಕಿತು. ಅದೇ ಕಾಯ್ದೆಯಲ್ಲಿ ಅಲಾಸ್ಕಾದ ಕಾಡುಪ್ರಾಣಿಗಳ ರಕ್ಷಿತ ಪ್ರದೇಶದಲ್ಲಿ ತೈಲ ತೆಗೆಯಲು ಅವಕಾಶವೂ ಇತ್ತು, ಅದರಿಂದ ಆದಾಯ ಬರುತ್ತದೆ ಎಂಬ ಲೆಕ್ಕದಲ್ಲಿ. ಅಲಾಸ್ಕಾದ ಸೆನೆಟರ್ ಮರ್ಕೌಸ್ಕಿ ಈ ಸಲ ಪರವಾಗಿ ಮತ ಹಾಕಿದರು. ಕಾಲಿನ್ಸ್ ಕೂಡ ಹಾಕಿದರು. ಪ್ರೀಮಿಯಂ ಏರದಂತೆ ತಡೆಯುವ ಎರಡು ಬೇರೆ ಮಸೂದೆಗಳನ್ನು ಆಮೇಲೆ ಪಾಸು ಮಾಡುತ್ತೇವೆ ಎಂದು ಅವರಿಗೆ ಪಕ್ಷದ ನಾಯಕರು ಭರವಸೆ ಕೊಟ್ಟಿದ್ದರು. ಆ ಎರಡೂ ಪಾಸಾಗಲಿಲ್ಲ.

ತೆರಿಗೆ ಮಸೂದೆಯ ಕೈಯಲ್ಲಿ ಇರುವುದು ಕತ್ತರಿ. ಸೂಜಿದಾರ ಇಲ್ಲ. ಕಡ್ಡಾಯದ ಬದಲು ಇನ್ನೇನನ್ನಾದರೂ ಹೊಲಿಯಬೇಕೆಂದರೆ, ಉದಾಹರಣೆಗೆ ತಡವಾಗಿ ಸೇರುವವರಿಗೆ ಕಾಯುವ ಅವಧಿ ಇಡಬೇಕೆಂದರೆ, ಅದು ಬಜೆಟ್ ವಿಷಯ ಅಲ್ಲ ಎಂಬ ತಕರಾರು ಎದ್ದೇ ಏಳುತ್ತದೆ.

ನಮಗೂ ಇದು ಪರಕೀಯ ಅಲ್ಲ. ಸಂವಿಧಾನದ 110ನೇ ವಿಧಿಯ ಹಣಕಾಸು ಮಸೂದೆಗೆ ರಾಜ್ಯಸಭೆ ಸಲಹೆ ಕೊಡಬಹುದು, ತಡೆಯಲಾರದು. 2016ರ ಆಧಾರ್ ಕಾಯ್ದೆ ಬಂದದ್ದು ಆ ರೂಪದಲ್ಲೇ. ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಮೊದಲ ಹೆಸರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರದು. 2018ರ ಸೆಪ್ಟೆಂಬರ್‌ನಲ್ಲಿ ನಾಲ್ವರು ನ್ಯಾಯಮೂರ್ತಿಗಳು ಹಣಕಾಸು ಮಸೂದೆಯ ರೂಪ ಸರಿ ಎಂದರು. ಡಿ.ವೈ. ಚಂದ್ರಚೂಡ್ ಒಬ್ಬರೇ ಅದು ಸಂವಿಧಾನಕ್ಕೆ ಮಾಡಿದ ಮೋಸ ಎಂದು ಬರೆದರು. ಹಣದ ಬಾಗಿಲಿನಿಂದ ಯಾವುದನ್ನು ಒಳಗೆ ಬಿಡಬೇಕು ಎಂಬ ಪ್ರಶ್ನೆ ಎರಡೂ ಕಡೆ ಒಂದೇ.

ಆಮೇಲೆ ಆದದ್ದು

ದಂಡ ಸೊನ್ನೆಯಾದದ್ದು 2019ರಿಂದ. ಹೆದರಿದ್ದ ಹಾಗೆ ಮಾರುಕಟ್ಟೆ ಕುಸಿಯಲಿಲ್ಲ. ಇದನ್ನು ಒಪ್ಪಿಕೊಳ್ಳಬೇಕು. ಸ್ವಂತಕ್ಕೆ ಪಾಲಿಸಿ ಕೊಳ್ಳುವವರಿಗಾಗಿ ಇರುವ ಸರ್ಕಾರಿ ವಿಮಾ ಮಾರುಕಟ್ಟೆಯಲ್ಲಿ 2017ಕ್ಕೆ ಪಾಲಿಸಿ ಆರಿಸಿಕೊಂಡವರು 1.22 ಕೋಟಿ, 2019ಕ್ಕೆ 1.14 ಕೋಟಿ. ಜನಗಣತಿ ಇಲಾಖೆಯ ದೊಡ್ಡ ಸಮೀಕ್ಷೆಯಲ್ಲಿ ವಿಮೆ ಇಲ್ಲದವರು 2017ರಲ್ಲಿ ಶೇ 8.7 ಇದ್ದವರು 2019ಕ್ಕೆ ಶೇ 9.2 ಆದರು. ಎಲ್ಲವೂ ದಂಡದಿಂದಲೇ ಆದದ್ದಲ್ಲ, ವಿಮೆಯ ಬಗ್ಗೆ ಜನರಿಗೆ ತಿಳಿಸುವ ಪ್ರಚಾರದ ಹಣವನ್ನೂ ಆಗ ಕಡಿತ ಮಾಡಿದ್ದರು. ಬಜೆಟ್ ಕಚೇರಿ ಕೂಡ ಮುಂದೆ ತನ್ನ ಅಂದಾಜನ್ನು ತಗ್ಗಿಸಿತು.

ಕುಸಿಯದಂತೆ ಹಿಡಿದದ್ದು ಸಬ್ಸಿಡಿ. ಸಬ್ಸಿಡಿ ಸಿಗುವವರಿಗೆ ಪ್ರೀಮಿಯಂ ಏರಿದರೂ ಕೈಯಿಂದ ಕಟ್ಟುವುದು ಹೆಚ್ಚು ಬದಲಾಗುವುದಿಲ್ಲ, ಏರಿದ್ದನ್ನು ಸರ್ಕಾರ ಭರಿಸುತ್ತದೆ. ಏಟು ಬಿದ್ದದ್ದು ಸಬ್ಸಿಡಿಯ ಗೆರೆಗಿಂತ ಸ್ವಲ್ಪ ಮೇಲಿದ್ದವರಿಗೆ. ಸಣ್ಣ ಅಂಗಡಿ ಇಟ್ಟುಕೊಂಡವರು, ಅರವತ್ತರ ಅಂಚಿನಲ್ಲಿ ಕೆಲಸ ಬಿಟ್ಟವರು.

ದಂಡದಿಂದ ನಿಜಕ್ಕೂ ಏನಾದರೂ ಪ್ರಯೋಜನ ಇತ್ತೇ? ಇದಕ್ಕೆ ಉತ್ತರ ಸಿಕ್ಕಿದ್ದು ಎಣಿಸಿರದ ಕಡೆಯಿಂದ. 2015ರ ಸಾಲಿಗೆ ಸುಮಾರು 65 ಲಕ್ಷ ತೆರಿಗೆದಾರರು ಒಟ್ಟು 300 ಕೋಟಿ ಡಾಲರ್ ದಂಡ ಕಟ್ಟಿದ್ದರು, ಸರಾಸರಿ 470 ಡಾಲರ್. 2017ರ ಆರಂಭದ ಹೊತ್ತಿಗೆ ತೆರಿಗೆ ಇಲಾಖೆ ದಂಡ ಕಟ್ಟಿದ್ದ 45 ಲಕ್ಷ ಮನೆಗಳಿಗೆ ಕಾಗದ ಬರೆಯಲು ಹೊರಟಿತು. ನೀವು ದಂಡ ಕಟ್ಟಿದ್ದೀರಿ, ವಿಮೆ ಹೀಗೆ ಮಾಡಿಸಿಕೊಳ್ಳಬಹುದು ಎಂದು. ಎಲ್ಲರಿಗೂ ಕಳಿಸುವಷ್ಟು ದುಡ್ಡು ಇರಲಿಲ್ಲ. 39 ಲಕ್ಷ ಮನೆಗಳಿಗೆ ಹೋಯಿತು, ಉಳಿದವರನ್ನು ಚೀಟಿ ಎತ್ತಿದ ಹಾಗೆ ಬಿಟ್ಟರು. ಮೂವರು ಅರ್ಥಶಾಸ್ತ್ರಜ್ಞರು ಆಮೇಲೆ ಎರಡೂ ಗುಂಪನ್ನು ಹೋಲಿಸಿದರು. ಕಾಗದ ಬಂದ ಮನೆಗಳಲ್ಲಿ ವಿಮೆ ಮಾಡಿಸಿದವರು ಹೆಚ್ಚಿದ್ದರು. ಮೊದಲು ವಿಮೆ ಇಲ್ಲದಿದ್ದ 45ರಿಂದ 64ರ ವಯಸ್ಸಿನವರಲ್ಲಿ, ಕಾಗದ ಸಿಕ್ಕ ಪ್ರತಿ 1,648 ಜನರಿಗೆ ಎರಡು ವರ್ಷದಲ್ಲಿ ಒಂದು ಸಾವು ಕಡಿಮೆಯಾಗಿತ್ತು.

ಇದನ್ನು ಮೊದಲ ಸಲ ತಿಳಿದಾಗ ನಾನು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಒಂದು ಸಾಮಾನ್ಯ ಕಾಗದ! ಅದನ್ನು ಯಾರಿಗೆ ಕಳಿಸಬೇಕು ಎಂದು ಗೊತ್ತಾದದ್ದೇ ದಂಡದ ಪಟ್ಟಿಯಿಂದ. ತೆರಿಗೆ ಇಲಾಖೆ ಆರೋಗ್ಯದ ಕೆಲಸಕ್ಕೆ ನಾಲಾಯಕ್ಕು ಎಂದು ನಾನು ಹೇಳದಿರಲು ಕಾರಣ ಇದು. ತೆರಿಗೆ ಫಾರಂ ಬಹುತೇಕ ಮನೆಗಳಿಗೆ ತಲುಪುತ್ತದೆ, ಅದು ಒಳ್ಳೆಯ ಸಾಧನ. ನನ್ನ ತಕರಾರು ಇರುವುದು ತೆರಿಗೆ ಮಸೂದೆಯ ಅವಸರದ ಬಗ್ಗೆ, ಅದರ ಒಂಟಿ ಕಣ್ಣಿನ ಬಗ್ಗೆ.

ಇನ್ನೊಂದು ಪರಿಣಾಮ ನ್ಯಾಯಾಲಯದಲ್ಲಿ ಆಯಿತು. 2012ರಲ್ಲಿ ಕಡ್ಡಾಯ ಉಳಿದದ್ದು ಅದು ತೆರಿಗೆ ಎಂಬ ಕಾರಣಕ್ಕೆ. ಸೊನ್ನೆ ಡಾಲರಿನ ತೆರಿಗೆ ತೆರಿಗೆಯೇ? ಟೆಕ್ಸಸ್ ಮುಂದಾಳತ್ವದಲ್ಲಿ ಹಲವು ರಾಜ್ಯಗಳು 2018ರ ಫೆಬ್ರವರಿಯಲ್ಲಿ ಇದನ್ನೇ ಹಿಡಿದು ಕೋರ್ಟಿಗೆ ಹೋದವು. ಕಡ್ಡಾಯ ಸಂವಿಧಾನಕ್ಕೆ ವಿರುದ್ಧ, ಅದು ಹೋದರೆ ಇಡೀ ಕಾಯ್ದೆಯೂ ಹೋಗಬೇಕು ಎಂದು ವಾದಿಸಿದವು. ಫೆಡರಲ್ ನ್ಯಾಯಾಧೀಶ ರೀಡ್ ಓ’ಕಾನರ್ ಒಪ್ಪಿದರು. ತೀರ್ಪು ಬಂದದ್ದು 2018ರ ಡಿಸೆಂಬರ್ 14ರ ರಾತ್ರಿ. ಮರುದಿನವೇ ಹೆಚ್ಚಿನ ರಾಜ್ಯಗಳಲ್ಲಿ ಮುಂದಿನ ವರ್ಷದ ಪಾಲಿಸಿ ಆರಿಸಿಕೊಳ್ಳಲು ಕೊನೆಯ ದಿನ. ತೀರ್ಪು ಕೂಡಲೇ ಜಾರಿಗೆ ಬರಲಿಲ್ಲ ನಿಜ. ಆದರೆ ಕಾಯಿಲೆ ಇರುವ ಮಗುವನ್ನು ಇಟ್ಟುಕೊಂಡ ಒಂದು ಮನೆಯಲ್ಲಿ ಆ ರಾತ್ರಿ ಹೇಗಿದ್ದಿರಬೇಕು?

ಆ ಆತಂಕ ಎರಡೂವರೆ ವರ್ಷ ಉಳಿಯಿತು, ಕೋವಿಡ್‌ನ ನಡುವೆಯೂ. 2021ರ ಜೂನ್ 17ರಂದು ಸುಪ್ರೀಂ ಕೋರ್ಟ್ ಏಳಕ್ಕೆ ಎರಡು ಮತದಿಂದ ಕೇಸನ್ನು ತಳ್ಳಿಹಾಕಿತು. ಸೊನ್ನೆ ದಂಡದಿಂದ ಅರ್ಜಿದಾರರಿಗೆ ನಷ್ಟವೇ ಆಗಿಲ್ಲ, ಹಾಗಾಗಿ ಕೇಸು ಹಾಕುವ ಹಕ್ಕಿಲ್ಲ ಎಂದು ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್ ಬರೆದರು. ಕಡ್ಡಾಯ ಸರಿಯೋ ತಪ್ಪೋ ಎಂದು ಕೋರ್ಟ್ ಹೇಳಲೇ ಇಲ್ಲ. 5000ಎ ಸೆಕ್ಷನ್ ಈಗಲೂ ಅಲ್ಲೇ ಇದೆ.

ವಿರೋಧಿಸಿದವರ ನೋವು ಸುಳ್ಳಲ್ಲ

ದಂಡ ಕಟ್ಟಿದವರಲ್ಲಿ ದೊಡ್ಡ ಪಾಲು ವರ್ಷಕ್ಕೆ 50,000 ಡಾಲರ್‌ಗಿಂತ ಕಡಿಮೆ ದುಡಿಯುವವರು. ಶ್ರೀಮಂತರಿಗೆ ಹೇಗೂ ವಿಮೆ ಇರುತ್ತಿತ್ತು. ಗಂಡನಿಗೆ ಕಂಪನಿಯಿಂದ ಅಗ್ಗದ ವಿಮೆ ಸಿಕ್ಕಿದರೆ, ಇಡೀ ಮನೆಗೆ ಅದು ದುಬಾರಿಯಾದರೂ ಹೆಂಡತಿ ಮಕ್ಕಳಿಗೆ ಸಬ್ಸಿಡಿ ಇಲ್ಲ ಎಂಬ ನಿಯಮ 2022ರವರೆಗೂ ಇತ್ತು. ಕೊಳ್ಳಲು ಆಗದ್ದನ್ನು ಕೊಳ್ಳಲಿಲ್ಲ ಎಂದು ದಂಡ ಹಾಕಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಈ ದೂರುಗಳಿಗೆ ಔಷಧ ಇತ್ತು. ಸಬ್ಸಿಡಿ ಹೆಚ್ಚಿಸಬಹುದಿತ್ತು, ವಿನಾಯಿತಿಗಳನ್ನು ಸರಳ ಮಾಡಬಹುದಿತ್ತು. ಅದಕ್ಕೆ ಒಂದು ಆರೋಗ್ಯ ಮಸೂದೆ, ವಿಚಾರಣೆ, ಜನರ ಮಾತು ಬೇಕಿತ್ತು.

ಡೆಮಾಕ್ರಟರೂ ಆ ದಾರಿ ಹಿಡಿಯಲಿಲ್ಲ. 2021ರಲ್ಲಿ ಸಬ್ಸಿಡಿಯನ್ನು ಚೆನ್ನಾಗಿ ಹೆಚ್ಚಿಸಿದರು, 2022ರಲ್ಲಿ ಮುಂದುವರಿಸಿದರು, ಎರಡು ಸಲವೂ ರಿಕನ್ಸಿಲಿಯೇಶನ್ ಮೂಲಕ. ಮಾರುಕಟ್ಟೆಯಲ್ಲಿ ವಿಮೆ ಪಡೆದವರು 2025ಕ್ಕೆ ಸುಮಾರು 2.4 ಕೋಟಿ ಆದರು. ಬಹಳ ಒಳ್ಳೆಯ ಕೆಲಸ. ಆದರೆ ಬಜೆಟ್ ಲೆಕ್ಕ ಕೂಡಿಸಲು ಅದಕ್ಕೂ ಒಂದು ಕೊನೆಯ ದಿನಾಂಕ ಇಟ್ಟಿದ್ದರು. 2025ರ ಅಕ್ಟೋಬರ್ 1ರಿಂದ 43 ದಿನ ಅಮೆರಿಕದ ಸರ್ಕಾರ ಮುಚ್ಚಿದ್ದು ಇದೇ ಜಗಳದಲ್ಲಿ. ಹೆಚ್ಚುವರಿ ಸಬ್ಸಿಡಿ ಆ ವರ್ಷದ ಕೊನೆಗೆ ಮುಗಿದುಹೋಯಿತು.

ಭಾರತದಲ್ಲಿ ಆರೋಗ್ಯ ವಿಮೆ ಕಡ್ಡಾಯ ಇಲ್ಲ. ಆದರೂ ಆದಾಯ ತೆರಿಗೆ ಕಾಯ್ದೆಯ 80ಡಿ ಸೆಕ್ಷನ್ ಅಡಿಯಲ್ಲಿ ಪ್ರೀಮಿಯಂಗೆ ಇದ್ದ ವಿನಾಯಿತಿ ಹೊಸ ತೆರಿಗೆ ಪದ್ಧತಿಯಲ್ಲಿ ಸಿಗುವುದಿಲ್ಲ, ಆ ಪದ್ಧತಿಯೇ ಈಗ ಎಲ್ಲರಿಗೂ ತಾನಾಗಿ ಅನ್ವಯವಾಗುವುದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿನ ಶೇ 18 ಜಿಎಸ್‌ಟಿ ಸೊನ್ನೆಯಾಯಿತು. ಒಂದು ಕೈ ಕಿತ್ತುಕೊಂಡಿತು, ಇನ್ನೊಂದು ಕೈ ಕೊಟ್ಟಿತು. ಎರಡೂ ತೆರಿಗೆಯ ಕೈಗಳೇ. ಎಷ್ಟು ಜನ ಇದರಿಂದ ವಿಮೆ ಬಿಟ್ಟರು, ಎಷ್ಟು ಜನ ಹೊಸದಾಗಿ ಮಾಡಿಸಿದರು ಎಂದು ನಾವೂ ಕೇಳಬೇಕಲ್ವಾ?

ನ್ಯೂಜೆರ್ಸಿ ಮಾಡಿದ್ದು

ಕೇಂದ್ರದ ದಂಡ ಸೊನ್ನೆಯಾಗುತ್ತದೆ ಎಂದು ಗೊತ್ತಾದ ಮೇಲೆ ಕೆಲವು ರಾಜ್ಯಗಳು ಎಚ್ಚೆತ್ತುಕೊಂಡವು. ಮ್ಯಾಸಚೂಸೆಟ್ಸ್ ತನ್ನ ಹಳೆಯ ಕಡ್ಡಾಯವನ್ನು ಬಿಟ್ಟಿರಲೇ ಇಲ್ಲ. ಕ್ಯಾಲಿಫೋರ್ನಿಯಾ, ರೋಡ್ ಐಲೆಂಡ್ 2020ರಿಂದ ತಂದವು. ವರ್ಮಾಂಟ್ ಕಡ್ಡಾಯ ತಂದರೂ ದಂಡ ಇಡಲಿಲ್ಲ. ನನಗೆ ಹೆಚ್ಚು ಹಿಡಿಸಿದ್ದು ನ್ಯೂಜೆರ್ಸಿಯ ದಾರಿ. 2018ರ ಮೇ ತಿಂಗಳಲ್ಲಿ ಗವರ್ನರ್ ಫಿಲ್ ಮರ್ಫಿ ಎರಡು ಮಸೂದೆಗಳಿಗೆ ಒಟ್ಟಿಗೆ ಸಹಿ ಹಾಕಿದರು. ಒಂದು, 2019ರಿಂದ ರಾಜ್ಯದ್ದೇ ಕಡ್ಡಾಯ, ರಾಜ್ಯದ ತೆರಿಗೆ ರಿಟರ್ನ್ ಜೊತೆಗೆ ದಂಡ. ಎರಡು, ಬಹಳ ದುಬಾರಿ ಕಾಯಿಲೆಗಳ ಖರ್ಚಿನಲ್ಲಿ ವಿಮಾ ಕಂಪನಿಗಳ ಭಾರ ಹಂಚಿಕೊಳ್ಳುವ ಮರುವಿಮೆ ನಿಧಿ. ದಂಡದಿಂದ ಬಂದ ಹಣ ಹೋಗುವುದು ಆ ನಿಧಿಗೆ. ಅದರಿಂದ ಉಳಿದವರ ಪ್ರೀಮಿಯಂ ತಗ್ಗುತ್ತದೆ. ಇಲ್ಲೂ ಬಳಸಿದ್ದು ತೆರಿಗೆ ಫಾರಂ ಅನ್ನೇ. ಆದರೆ ಆರೋಗ್ಯಕ್ಕೆ ಅಂತ ಕಟ್ಟಿಸಿಕೊಂಡ ಹಣ ಆರೋಗ್ಯಕ್ಕೇ ವಾಪಸ್ ಬಂತು.

ನ್ಯೂಜೆರ್ಸಿಯಲ್ಲಿ ನಮ್ಮವರ ಮನೆಗಳೂ ಬಹಳ ಇವೆ. ಹೆಚ್ಚಿನವರಿಗೆ ಕಂಪನಿಯ ವಿಮೆ ಇರುತ್ತದೆ, ಈ ನಿಯಮ ಗಮನಕ್ಕೂ ಬರುವುದಿಲ್ಲ. ಗಮನಕ್ಕೆ ಬರುವುದು ಕೆಲಸ ಹೋದಾಗ, ಸ್ವಂತ ಉದ್ಯೋಗ ಶುರು ಮಾಡಿದಾಗ. ಇಲ್ಲವೇ ಊರಿನಿಂದ ಅಪ್ಪ ಅಮ್ಮ ಗ್ರೀನ್ ಕಾರ್ಡ್ ಮೇಲೆ ಬಂದು ನೆಲೆಸಿದಾಗ. 65 ದಾಟಿದ್ದರೂ ಅಲ್ಲಿ ದುಡಿದಿರದ ಅವರಿಗೆ ಮೊದಲ ಐದು ವರ್ಷ ಮೆಡಿಕೇರ್ ಎಂಬ ಹಿರಿಯರ ಸರ್ಕಾರಿ ವಿಮೆ ಸಿಗುವುದಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಎಲ್ಲ ಇರುವ ವಯಸ್ಸು. ಅವರಿಗೂ ಇಲ್ಲ ಅನ್ನದೆ ಪಾಲಿಸಿ ಕೊಡುವುದು ಇದೇ ಮಾರುಕಟ್ಟೆ. ಆ ಪಾಲಿಸಿ ಯಾವ ಬೆಲೆಗೆ ಸಿಗುತ್ತದೆ ಎಂಬುದರಲ್ಲಿ, ಅದೇ ಬೀದಿಯ ಇಪ್ಪತ್ತೈದರ ಹುಡುಗ ವಿಮೆ ಮಾಡಿಸಿದ್ದಾನೋ ಇಲ್ಲವೋ ಎಂಬುದೂ ಸೇರಿದೆ.